ಗಾಳಿಯೂರಿನ ತೋಟದಲ್ಲಿ ಆಹೇರಿ

ಅಕ್ಷತಾ, ಸೋಮು,

ನಾನು ನ್ಯೂಜಿಲೆಂಡಿನಿಂದ ಬಂದ ದಿನದಿಂದ ನೀವಿಬ್ಬರೂ ಒಂದೇ ಮಾತು ಕೇಳುತ್ತಿದ್ದೀರಿ. “ಆಯಿ, ಸವಿತಾ ಅತ್ತೀನ್ನ ಯಾಕ ಕರ್ಕೊಂಡು ಬರಲಿಲ್ಲ?” ನಿಮ್ಮ ಅಪ್ಪ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಊಟಕ್ಕೆ ಕೂತಾಗ ಅವನ ಮುಖವೂ ಅದನ್ನೇ ಕೇಳುತ್ತದೆ. ಬನಹಟ್ಟಿಯಿಂದ ನಾನು ಹೊರಡುವಾಗ ಅವನು ಹೇಳಿದ್ದು ಒಂದೇ ಮಾತು: “ಅವ್ವಾ, ಅಕ್ಕನ್ನ ಕರ್ಕೊಂಡ ಬಾ. ಅಲ್ಲಿ ಒಬ್ಬಾಕಿ ಏನ್ ಮಾಡತಾಳ?”

ಮಂದಿ ಕೂತಲ್ಲಿ ಮಾತನಾಡುವುದು ನನಗೆ ಎಂದೂ ಬಂದಿಲ್ಲ, ನಿಮಗೆ ಗೊತ್ತು. ಹೇಳಲು ಹೋದರೆ ಅರ್ಧಕ್ಕೆ ನಿಂತು ಬಿಡುತ್ತೇನೆ. ಬೀಳಗಿ ಕಡೆಯ ನನ್ನ ತವರು ಹಳ್ಳಿಯ ಸಾಲಿಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ಓದಿದ ಮೇಲೆ ನಿಮ್ಮ ಅಪ್ಪನಿಗೂ ಕೊಡಿ.

ನಿಂಬೆಹಣ್ಣು

ವಿಮಾನದಲ್ಲಿ ಹೊಟ್ಟೆ ತೊಳಸಿದರೆ ಮೂಸಿ ನೋಡಲು ಇರಲಿ ಎಂದು ಪಕ್ಕದ ಮನೆಯ ಶಾಂತವ್ವ ಒಂದು ನಿಂಬೆಹಣ್ಣು ಕೊಟ್ಟಿದ್ದಳು. ಅದನ್ನು ಕೈಚೀಲದ ತಳಕ್ಕೆ ಹಾಕಿ ಮರೆತುಬಿಟ್ಟಿದ್ದೆ. ಚೀಲದಲ್ಲಿ ಏನೇನು ತಿನಿಸು ಇದೆ ಎಂದು ಇಳಿಯುವಾಗ ಕೊಡಬೇಕಾದ ಚೀಟಿಯನ್ನು ಪಕ್ಕದಲ್ಲಿ ಕೂತಿದ್ದ ಹುಡುಗಿ ನನ್ನ ಪರವಾಗಿ ಬರೆದಳು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ, ಎಲ್ಲವನ್ನೂ ಬರೆಸಿದೆ. ನಿಂಬೆಹಣ್ಣು ಮಾತ್ರ ನೆನಪಾಗಲಿಲ್ಲ.

ಇಳಿದ ಮೇಲೆ ಒಂದು ನಾಯಿ ಬಂತು. ನಾಯಿ ಎಂದರೆ ನಮಗೆ ಕಣ್ಣ ಮುಂದೆ ಬರುವುದು ಮುಧೋಳದ ನಾಯಿ: ಉದ್ದ ಕಾಲು, ಒಳಗೆ ಎಳೆದುಕೊಂಡ ಹೊಟ್ಟೆ, ಓಡಿದರೆ ಗಾಳಿ. ಇದು ಗಿಡ್ಡ, ಜೋಲು ಕಿವಿ, ಮೈಮೇಲೆ ಒಂದು ಹಸಿರು ಅಂಗಿ ಬೇರೆ. ನನ್ನ ಚೀಲದ ಪಕ್ಕಕ್ಕೆ ಬಂದು, ಊಟಕ್ಕೆ ಕರೆದ ಬೀಗರ ಹಾಗೆ, ಕೂತೇಬಿಟ್ಟಿತು. ಅದರ ಹಿಂದಿದ್ದ ಸರಕಾರಿ ಹೆಣ್ಣುಮಗಳು ಚೀಲ ತೆಗೆಸಿದಳು. ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿ ಬಿಟ್ಟಳು. ಹಿಂಡಿಯನ್ನೂ ಬಿಟ್ಟಳು. ನಿಂಬೆಹಣ್ಣನ್ನು ಮಾತ್ರ ಕೈಗವಸು ಹಾಕಿಕೊಂಡು, ಚೇಳು ಹಿಡಿದ ಹಾಗೆ ಹಿಡಿದು ಒಯ್ದಳು. ನನ್ನನ್ನು ಬೈಯಲಿಲ್ಲ. ಇನ್ನೊಮ್ಮೆ ಹೀಗೆ ಮಾಡಬಾರದೆಂದು ಬೆರಳಿನಿಂದ ತೋರಿಸಿ, ನೀರು ಕೊಟ್ಟು ಕಳಿಸಿದಳು.

ಹೊರಗೆ ನನ್ನ ಮಗಳು ಸವಿತಾ ನಿಂತಿದ್ದಳು. ನಾಲ್ಕು ವರ್ಷದ ಮೇಲೆ ನೋಡುತ್ತಿದ್ದೆ. ಅವಳ ಗಂಡ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಆಗ ನನಗೆ ಬರಲು ಆಗಿರಲಿಲ್ಲ. ಅಳುತ್ತಾಳೆ ಎಂದುಕೊಂಡು ಸೆರಗು ಸಜ್ಜು ಮಾಡಿಕೊಂಡೆ. ಅವಳು ಅಳಲಿಲ್ಲ. “ದಾರಿಯಾಗ ತ್ರಾಸ ಆತೇನು?” ಎಂದು ಕೇಳಿ ಚೀಲ ಎತ್ತಿಕೊಂಡಳು.

ಗುಡ್ಡದ ಮೇಲಿನ ಮನೆ

ವೆಲಿಂಗ್ಟನ್ ಊರು ಗುಡ್ಡಗಳ ಮೇಲಿದೆ. ಮನೆಗಳು ಕಟ್ಟಿಗೆಯವು. ಗಾಳಿ ಎದ್ದರೆ ಕಿಟಕಿ ಮಾತಾಡುತ್ತದೆ. ಜನವರಿಯಲ್ಲಿ ಅಲ್ಲಿ ಬ್ಯಾಸಿಗಿ. ನಾನು ಹೊದ್ದುಕೊಂಡು ಹೋದ ಶಾಲು ಸುಮ್ಮನೆ ಭಾರವಾಯಿತು. ಎರಡನೆಯ ದಿನ ನನ್ನ ಇಳಕಲ್ ಸೀರೆಯನ್ನು ಹಗ್ಗಕ್ಕೆ ಹಾಕಿದೆ. ಚಹಾ ಕುಡಿದು ಹೊರಗೆ ಬಂದರೆ ಹಗ್ಗ ಇದೆ, ಸೀರೆ ಇಲ್ಲ. ಕೆಳಗಿನ ಮನೆಯ ಮುದುಕ ಅದನ್ನು ತನ್ನ ಮರದಿಂದ ಬಿಡಿಸಿ, ಒಂಬತ್ತು ಗಜವನ್ನೂ ಕಾಗದದಂತೆ ಮಡಚಿ ತಂದುಕೊಟ್ಟ. ಕೊಟ್ಟದ್ದಲ್ಲದೆ ತಾನೇ “ಸಾರಿ” ಎಂದ. ಆ ಊರಿನಲ್ಲಿ ಕಾಲು ತುಳಿಸಿಕೊಂಡವರೂ ಸಾರಿ ಎನ್ನುತ್ತಾರೆ.

ಸವಿತಾ ಮುಂಜಾನೆ ಎದ್ದು ಮುದುಕರನ್ನು ನೋಡಿಕೊಳ್ಳುವ ಮನೆಗೆ ಕೆಲಸಕ್ಕೆ ಹೋಗುತ್ತಿದ್ದಳು, ಸಂಜೆ ಬಂದು ಅಡುಗೆ ಮಾಡುತ್ತಿದ್ದಳು. ನನ್ನ ಜೊತೆ ಮಾತಾಡುತ್ತಿದ್ದಳು, ನಗುತ್ತಲೂ ಇದ್ದಳು. ಗಂಡನ ಸುದ್ದಿ ಮಾತ್ರ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಿಂದ ಹೇಳುತ್ತಿರಲಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಬಾಗಿಲಿಗೆ ಅಡ್ಡ ನಿಂತು “ಹೆಸರು ಹೇಳಿ ಒಳಗ ಬಾ” ಎಂದು ಕಾಡಿಸುತ್ತಿದ್ದರು. ಆಗ ಒಡಪು ಹಾಕಿ ಹೇಳಬೇಕು. ಪ್ರಾಸ ಕಟ್ಟಿ, ಕೊನೆಗೆ ಗಂಡನ ಹೆಸರು ಇಟ್ಟು, ಮುಖ ಮುಚ್ಚಿಕೊಂಡು ಒಳಗೆ ಓಡುವುದು. ಗಂಡ ಹೋದ ಮೇಲೆ ಯಾರೂ ಅವಳನ್ನು ಒಡಪು ಕೇಳುವುದಿಲ್ಲ. ಕೇಳದಿರುವುದೇ ದೊಡ್ಡತನ ಎಂದು ತಿಳಿಯುತ್ತಾರೆ. ನಿಮ್ಮ ಮುತ್ಯಾ, ನಮ್ಮ ಮನೆಯವರು, ಹೋಗಿ ಹನ್ನೊಂದು ವರ್ಷವಾಯಿತು. ಓಣಿಯಲ್ಲಿ ಅಷ್ಟು ಮದುವೆ ಆದವು. ನನ್ನನ್ನು ಯಾರೂ ಬಾಗಿಲಲ್ಲಿ ತಡೆಯಲಿಲ್ಲ.

ಊರಿಗೆ ಬಾ ಎಂದು ಕೇಳಲು ಒಳ್ಳೆಯ ಗಳಿಗೆ ನೋಡುತ್ತಿದ್ದೆ. ನೋಡುತ್ತ ಒಂದು ವಾರ ಹೋಯಿತು.

ಬಸ್ಸಿನಲ್ಲಿ

ಸವಿತಾಳ ಗಂಡ, ನಿಮ್ಮ ಮಾವ ಮಹಾದೇವ ಜಮಖಂಡಿಯವನು, ಆ ಊರಿನಲ್ಲಿ ಸಿಟಿ ಬಸ್ಸು ಓಡಿಸುತ್ತಿದ್ದ ಎಂಬುದು ನಿಮಗೆ ಗೊತ್ತಿದೆ. ಸವಿತಾ ನನ್ನನ್ನು ಅಂಥದೇ ಬಸ್ಸಿನಲ್ಲಿ ಪೇಟೆಗೆ ಕರೆದೊಯ್ದಳು. ಬೀಳಗಿ ಬಸ್ಸಿಗೆ ನಾವು ಕಿಟಕಿಯಿಂದ ಟವೆಲು ಒಗೆದು ಸೀಟು ಹಿಡಿಯುವವರು. ಅಲ್ಲಿ ಟವೆಲು ಒಗೆಯಲು ಯಾರೂ ಇಲ್ಲ, ಸಾಲು ನಿಂತು ಹತ್ತುತ್ತಾರೆ. ನನಗೆ ಆಶ್ಚರ್ಯವಾದದ್ದು ಅದಲ್ಲ. ಇಳಿಯುವಾಗ ಎಲ್ಲರೂ, ಸಣ್ಣ ಮಕ್ಕಳೂ, ಡ್ರೈವರಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾರೆ. ಹಿಂದಿನ ಬಾಗಿಲಿನಿಂದ ಇಳಿಯುವವರೂ ಕೂಗಿ ಹೇಳುತ್ತಾರೆ.

“ದಿನಾ ಹಿಂಗ ಹೇಳತಾರೇನು?” ಎಂದೆ.

“ದಿನಾ,” ಎಂದಳು. “ಮೊದಲಿಗಿ ಅವರು ಮನಿಗಿ ಬಂದು, ಇವತ್ತ ನನಗ ಇಷ್ಟು ಮಂದಿ ಥ್ಯಾಂಕ್ಯೂ ಅಂದ್ರು ಅಂತ ಹೇಳತಿದ್ರು.” ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು. ನಮ್ಮ ನಿಲ್ದಾಣ ಬಂದಾಗ ಅವಳ ಬಾಯಿಂದ ಥ್ಯಾಂಕ್ಯೂ ಬರಲಿಲ್ಲ. ನಾನೇ ಹೇಳಿದೆ. ಡ್ರೈವರಿಗೆ ಕೇಳಿಸಿತೋ ಇಲ್ಲವೋ.

ಪಾತ್ರೆಯ ವಾರ

ಮಂಗಳವಾರ ಯಾರೋ ಬಾಗಿಲು ಬಡಿದರು. ತೆಗೆದರೆ ಬಾಗಿಲಿನಷ್ಟೇ ಅಗಲದ ಮನುಷ್ಯ, ಬಿಳಿ ಕೂದಲು, ಹೂವಿನ ಅಂಗಿ, ಸೊಂಟಕ್ಕೆ ಲುಂಗಿಯಂಥ ಬಟ್ಟೆ. ಕೈಯಲ್ಲಿ ಒಂದು ಮುಚ್ಚಿದ ಪಾತ್ರೆ. ನನ್ನನ್ನು ನೋಡಿ ಕೈ ಮುಗಿದು, “ಊಟ ಆತೇನ್ರಿ?” ಎಂದ.

ನನಗೆ ಬಾಗಿಲು ಹಾಕಬೇಕೋ ಒಳಗೆ ಕರೆಯಬೇಕೋ ತಿಳಿಯಲಿಲ್ಲ. ಸವಿತಾ ಒಳಗಿನಿಂದ ಬಂದು ನಕ್ಕಳು. ಅವನ ಹೆಸರು ಸಿಯೋನೆ. ಟೋಂಗಾ ಎಂಬ ದ್ವೀಪದವನು, ಮಹಾದೇವನ ಜೊತೆ ಬಸ್ಸು ಓಡಿಸುತ್ತಿದ್ದವನು. ಮಹಾದೇವ ಅವನಿಗೆ ನಾಲ್ಕು ಕನ್ನಡ ಮಾತು ಕಲಿಸಿದ್ದ. ಅವನು ಮಹಾದೇವನಿಗೆ ಯುಕುಲೇಲೆ ಕಲಿಸಿದ್ದ. ಯುಕುಲೇಲೆ ಎಂದರೆ ನಾಲ್ಕು ತಂತಿಯ ಪುಟ್ಟ ವಾದ್ಯ. ನಮ್ಮ ಭಜನೆಯ ತಂಬೂರಿ ಅಜ್ಜಿಯಾದರೆ ಅದು ಮೊಮ್ಮಗಳು. ಬ್ಯಾಸಿಗಿ ಬಂದರೆ ಇಬ್ಬರೂ ರಜೆಯ ಶನಿವಾರ ಊರ ಮಂದಿ ತಿರುಗಾಡುವ ತೋಟಕ್ಕೆ ಹೋಗಿ, ಮರದ ಕೆಳಗೆ ನಿಂತು ಬಾರಿಸಿ ಹಾಡುತ್ತಿದ್ದರಂತೆ. ಸವಿತಾಳೂ ಜೊತೆಗೆ ಹಾಡುತ್ತಿದ್ದಳಂತೆ. ಈ ಶನಿವಾರ ಬಾ ಎಂದು ಕರೆಯಲು ಸಿಯೋನೆ ಬಂದಿದ್ದ. ಸವಿತಾ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಬರುವುದಿಲ್ಲ ಎಂದಳೆಂದು ಅವನ ಮುಖದಿಂದಲೇ ತಿಳಿಯಿತು.

ಅವನು ಪಾತ್ರೆ ಇಟ್ಟು ಹೋದ. ಅದರಲ್ಲಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಗೆಣಸು ಇತ್ತು. ತಿಂದು ತೊಳೆದಿಟ್ಟೆ. ಬರಿ ಪಾತ್ರೆ ತಿರುಗಿ ಕೊಡುವ ಪದ್ಧತಿ ನಮ್ಮಲ್ಲಿಲ್ಲವಲ್ಲ. ಬುಧವಾರ ಶೇಂಗಾ ಹೋಳಿಗೆ ಮಾಡಿ, ಪಾತ್ರೆ ತುಂಬಿ, ಕೆಲಸಕ್ಕೆ ಹೋಗುವ ಸವಿತಾಳ ಕೈಗೆ ಕೊಟ್ಟೆ. ಸಿಯೋನೆಯ ಬಸ್ ಡಿಪೊದಲ್ಲಿ ಕೊಟ್ಟು ಬಂದಳು. ಗುರುವಾರ ಅದೇ ಪಾತ್ರೆ ಹಲಸಿನ ಹಣ್ಣಿನ ರುಚಿಯ ಏನೋ ಒಂದು ಕಡುಬು ಹೊತ್ತು ಮನೆಗೆ ಬಂತು. ಅವನ ದ್ವೀಪದಲ್ಲೂ ಬರಿ ಪಾತ್ರೆ ಕೊಡುವುದಿಲ್ಲವೆಂದು ಕಾಣುತ್ತದೆ.

“ಅವ್ವಾ, ನೀ ಹಿಂಗ ತುಂಬಿ ತುಂಬಿ ಕೊಟ್ಟರ ಅಂವಾ ಸಾಯೂತನಕಾ ಬರತಾನು,” ಎಂದಳು ಸವಿತಾ.

“ಬರಲಿ ಬಿಡು. ಖಾಲಿ ಹ್ಯಾಂಗ ಕೊಡೂದು?”

ಶುಕ್ರವಾರ ಗೋದಿ, ಬೆಲ್ಲದ ಮಾದಲಿ ಮಾಡಿದೆ. ಡಿಪೊಕ್ಕೆ ಒಯ್ದರೆ ಸಿಯೋನೆ ಇಲ್ಲ, ಎರಡು ದಿನ ರಜೆ ಹಾಕಿದ್ದಾನೆ. ಸವಿತಾ ಪಾತ್ರೆ ತಿರುಗಿ ತಂದಳು.

“ನಾಳೆ ಎಲ್ಲಿ ಸಿಗತಾನ?” ಎಂದೆ.

ಅವಳು ಪಾತ್ರೆಯ ಮುಚ್ಚಳ ಒತ್ತಿ ಹಾಕಿದಳು. “ತೋಟದಾಗ.”

“ಮಾದಲಿ ಮೂರು ದಿನ ಇಟ್ಟರ ರುಚಿ ಹೋಗತೈತಿ. ದಾರಿ ತೋರಿಸು, ನಾನ ಹೋಗಿ ಕೊಟ್ಟ ಬರತೇನಿ.”

“ನೀ ಒಬ್ಬಾಕೀ? ಬನಹಟ್ಟಿಯಾಗ ರಬಕವಿ ಬಸ್ಸ ಹತ್ತಬೇಕಾದರ ಯಾರನಾರ ಜೋಡಿ ಹುಡುಕಾಕಿ ನೀ.”

“ಹಂಗಾರ ಜೋಡಿ ಬಾ.”

ಖರೆ ಹೇಳುತ್ತೇನೆ, ಅವಳನ್ನು ಹಾಡಿಸಬೇಕೆಂದು ನಾನು ಹೂಡಿದ ಆಟವಲ್ಲ ಇದು. ಗಂಡ ಸತ್ತ ಹೆಣ್ಣುಮಗಳು ತೋಟದಲ್ಲಿ ನಿಂತು ಹಾಡುವುದು ಎಂದರೆ ನನಗೇ ಅಂಜಿಕೆ. ಪಾತ್ರೆ ಕೊಟ್ಟು ಬೇಗ ತಿರುಗಿ ಬರುವುದು ಎಂದೇ ಹೊರಟೆ. ಹಾಗೆ ಬರುವಾಗ ದಾರಿಯಲ್ಲಿ ಊರಿನ ಮಾತು ಕೇಳಿಬಿಡಬೇಕು ಎಂದೂ ಮನಸ್ಸಿನಲ್ಲಿ ಇತ್ತು.

ಶನಿವಾರ, ತೋಟ

ತೋಟದ ನಡುವೆ ಒಂದು ಸಣ್ಣ ಕೆರೆ, ಬಾತುಕೋಳಿಗಳು. ದಂಡೆಯ ಮರಗಳು ಕೆಂಪು ಹೂವಿನಿಂದ ತುಂಬಿದ್ದವು, ಗುಲ್‌ಮೊಹರಿನ ದಾಯಾದಿಗಳ ಹಾಗೆ. ಸಿಯೋನೆ ಒಂದು ಮರದ ಕೆಳಗೆ ನಿಂತು ಬಾರಿಸುತ್ತಿದ್ದ. ಅವತ್ತು ಲುಂಗಿಯ ಮೇಲೆ ಸೊಂಟಕ್ಕೆ ಒಂದು ಹಳೆಯ ಚಾಪೆ ಸುತ್ತಿ ಹಗ್ಗದಿಂದ ಕಟ್ಟಿದ್ದ. ಅಂಚು ಹರಿದಿತ್ತು. ನೇಕಾರರ ಮನೆಯವಳು, ಕೈ ಸುಮ್ಮನಿರಲಿಲ್ಲ, ಮುಟ್ಟಿ ನೋಡಿದೆ. ಎಲೆಯನ್ನು ನೂಲಿನಷ್ಟು ಸಣ್ಣಗೆ ಸೀಳಿ ಹೆಣೆದದ್ದು. ಅವನ ತಾಯಿ ಹೆಣೆದಳಂತೆ. ಹಿರಿಯರಿಗೋ ಸತ್ತವರಿಗೋ ಮರ್ಯಾದೆ ಕೊಡಬೇಕಾದ ದಿನ ಅದನ್ನು ಉಡುತ್ತಾರಂತೆ, ಹಳೆಯದಾದಷ್ಟೂ ಮರ್ಯಾದೆ ಹೆಚ್ಚಂತೆ. ಇವತ್ತು ಯಾಕೆ ಉಟ್ಟ ಎಂದು ನಾನು ಕೇಳಲಿಲ್ಲ. ಅವನ ಪಕ್ಕದ ಕುರ್ಚಿಯ ಮೇಲೆ ಇನ್ನೊಂದು ಯುಕುಲೇಲೆ ಇತ್ತು. ಮಹಾದೇವನದು.

ಸಿಯೋನೆ ಪಾತ್ರೆ ತೆಗೆದು, ಮಾದಲಿಯನ್ನು ಬೊಗಸೆಯಿಂದ ಬಾಯಿಗೆ ಹಾಕಿಕೊಂಡು, “ಛಲೋ ಐತ್ರಿ,” ಎಂದ. ಕೊಟ್ಟದ್ದಾಯಿತು, ಹೋಗಬೇಕು. ಸವಿತಾ ಹೋಗಲಿಲ್ಲ. ಕುರ್ಚಿಯ ಮೇಲಿದ್ದುದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಬಾರಿಸಲಿಲ್ಲ, ಕೂಸನ್ನು ಇಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದಳು. ನಾನು ದೂರದ ಬೆಂಚಿಗೆ ಹೋಗಿ ತಲೆಯ ಮೇಲೆ ಸೆರಗು ಹೊದ್ದು ಕೂತೆ.

ನೆಲದ ಮೇಲೆ ವಾದ್ಯದ ಪೆಟ್ಟಿಗೆ ತೆರೆದಿತ್ತು. ಹೋಗುವವರು ಬಾಗಿ ಚಿಲ್ಲರೆ ಹಾಕುತ್ತಿದ್ದರು. ನಮ್ಮ ಬಾಗಿಲಿಗೆ ಹಾಡುತ್ತ ಬಂದವರಿಗೆ ಮೊರದಲ್ಲಿ ಜೋಳ ನೀಡಿದ ಕೈ ಇದು. ಈಗ ನನ್ನ ಮಗಳು ಆಚೆ ಬದಿಗೆ ಕೂತಿದ್ದಾಳೆ. ನಾಚಿಕೆಯಿಂದ ನೆಲ ನೋಡಿದೆ. ಆದರೆ ಸಿಯೋನೆಯ ಹಾಡಿನಲ್ಲಿ ಬೇಡುವವರ ದನಿ ಇರಲಿಲ್ಲ. ಕೇಳುವವರ ಮುಖದಲ್ಲಿ ನೀಡುವವರ ಗತ್ತೂ ಇರಲಿಲ್ಲ. ನೋಡುತ್ತ ನೋಡುತ್ತ ನನಗೆ ನೆನಪಾದದ್ದು ಬೇಡುವವರಲ್ಲ, ರಾತ್ರಿಯಿಡೀ ಹಾಡಿ ಕುಣಿಯುವ ನಮ್ಮ ಪಾರಿಜಾತದ ಬಯಲಾಟ.

ಪಾರಿಜಾತದಲ್ಲಿ ಆಹೇರಿ ಹ್ಯಾಗೆ ಕೊಡುತ್ತಾರೆ, ನೀವೂ ನೋಡಿದ್ದೀರಿ. ಮೆಚ್ಚಿದವನು ಎದ್ದು ಬಂದು ಪಾತ್ರಧಾರಿಯ ಅಂಗಿಗೆ ನೋಟು ಚುಚ್ಚುತ್ತಾನೆ. ಆಟ ನಿಲ್ಲಿಸಿ, ಇಂಥ ಊರಿನ ಇಂಥವರಿಂದ ಆಹೇರಿ ಬಂದಿದೆ, ಅವರ ಮನೆತನ ಬೆಳಗಲಿ ಎಂದು ಕೂಗುತ್ತಾರೆ. ಹೆಸರು ಕೂಗದೆ ಆಹೇರಿ ಇಟ್ಟುಕೊಂಡರೆ ಅದು ಕೊಟ್ಟವನಿಗೆ ಅವಮಾನ. ಇಲ್ಲಿ ನೋಡಿದರೆ ಪಾಪ, ಒಬ್ಬರ ಹಿಂದೆ ಒಬ್ಬರು ಹಾಕುತ್ತಾರೆ, ಯಾರೂ ಅವರ ಹೆಸರು ಕೇಳುವುದಿಲ್ಲ. ಹಾಕಿ ಸುಮ್ಮನೆ ಹೋಗುತ್ತಾರೆ. ನನಗೆ ಕೂತಲ್ಲಿ ಕೂಡಲಾಗಲಿಲ್ಲ.

ಒಬ್ಬ ಹೆಣ್ಣುಮಗಳು ಹಾಕಿ ತಿರುಗಿದಳು. ಎದ್ದು ಹೋಗಿ ಅವಳ ತೋಳು ಮುಟ್ಟಿದೆ. ಸಾಲಿಯಲ್ಲಿ ಕಲಿತ ಒಂದೇ ಇಂಗ್ಲಿಷ್ ವಾಕ್ಯ ಬಾಯಿಗೆ ಬಂತು. “ವಾಟ್ ಈಸ್ ಯುವರ್ ನೇಮ್?”

ಅವಳು ಬೆದರಿದಳು. ಆಮೇಲೆ ಹೇಳಿದಳು: “ಮಾರ್ಗರೆಟ್.”

ನಾನು ಸೆರಗು ಬಾಯಿಗೆ ಹಿಡಿದು ಸಣ್ಣ ದನಿಯಲ್ಲಿ, “ಮಾರ್ಗರೆಟ್ ಬಾಯಾರಿಂದ ಆಹೇರಿ ಬಂದೈತಿ. ಅವರ ಮನಿತನ ಬೆಳಗಲಿ,” ಎಂದೆ.

ಸಿಯೋನೆ ಬಾರಿಸುವುದನ್ನು ನಿಲ್ಲಿಸಿ ಸವಿತಾಳನ್ನು ನೋಡಿದ. ಅವಳು ತಲೆ ತಗ್ಗಿಸಿ ನಗುತ್ತಿದ್ದಳು. ನಗುತ್ತಲೇ ಬಿಡಿಸಿ ಹೇಳಿದಳು. ಅವನಿಗೆ ಬಹಳ ಹೇಳಬೇಕಾಗಲಿಲ್ಲ. ಅವನ ದ್ವೀಪದಲ್ಲೂ ಕುಣಿಯುವವರ ಮೈಗೆ ಎಣ್ಣೆ ಹಚ್ಚಿ ನೋಟು ಅಂಟಿಸುತ್ತಾರಂತೆ. ಅವನು ಎದೆ ತುಂಬ ಗಾಳಿ ಎಳೆದುಕೊಂಡು, ಕೆರೆಯ ಬಾತುಕೋಳಿ ಹಾರುವ ಹಾಗೆ ಕೂಗಿದ. “ಮಾರ್ಗರೆಟ್!”

ಆ ಮಾರ್ಗರೆಟ್ ಹೋಗಲಿಲ್ಲ. ಕೆಂಪಗಾಗಿ ಅಲ್ಲಿಯೇ ಹುಲ್ಲಿನ ಮೇಲೆ ಕೂತಳು. ಮುಂದೆ ಬಂದವರನ್ನೆಲ್ಲ ನಾನು ಹೆಸರು ಕೇಳಿದೆ, ಸಣ್ಣಗೆ ಹೇಳಿದೆ, ಸಿಯೋನೆ ದೊಡ್ಡದಾಗಿ ಕೂಗಿದ. ಮಕ್ಕಳು ಹೆಸರು ಹೇಳಿಸಿಕೊಳ್ಳಲೆಂದೇ ತಂದೆಯನ್ನು ಎಳೆದು ತಂದರು. ಒಬ್ಬ ಹುಡುಗಿ ತನ್ನ ನಾಯಿಯ ಹೆಸರೂ ಕೂಗಿಸಿದಳು. ನಾಯಿಯ ಮನೆತನವೂ ಬೆಳಗಲಿ ಎಂದೆ. ತಲೆಯ ಸೆರಗು ಯಾವಾಗ ಜಾರಿತ್ತೋ ನನಗೆ ಗೊತ್ತಿಲ್ಲ.

ಬಿಸಿಲು ಏರಿದಾಗ ಒಬ್ಬ ಮುದುಕಿ ಗಾಲಿಯ ಕೋಲು ನೂಕಿಕೊಂಡು ಬಂದಳು. ಚಿಲ್ಲರೆ ಹಾಕಿ ನಿಂತಳು. ನಾನು ಹೆಸರು ಕೇಳಿದೆ. ಅವಳು ತಲೆ ಅಲ್ಲಾಡಿಸಿ, ಸವಿತಾಳ ತೊಡೆಯ ಮೇಲಿದ್ದ ವಾದ್ಯ ತೋರಿಸಿ, ಬಹಳ ಹೊತ್ತು ಏನೋ ಹೇಳಿದಳು. ಸವಿತಾಳ ನಗೆ ನಿಂತಿತು.

“ಏನಂತ ಸವಿತಾ?”

ಅವಳು ವಾದ್ಯವನ್ನು ಎದೆಗೆ ಒತ್ತಿ ಹಿಡಿದಳು.

“ಏನಂತ, ಹೇಳು?”

“ತನ್ನ ಹೆಸರು ಬ್ಯಾಡಂತ. ಇವರ ಹೆಸರು ಕೂಗಬೇಕಂತ.” ಇವರು ಎಂದರೆ ಯಾರೆಂದು ನಾನು ಕೇಳಲಿಲ್ಲ. “ದಿನಾ ಇವರ ಬಸ್ಸಿನ್ಯಾಗ ಬರತಿದ್ದಳಂತ. ಅಕಿ ಹತ್ತಿ ಸೀಟಿನ್ಯಾಗ ಕುಂಡ್ರೂತನಕ ಇವರು ಬಸ್ಸ ಬಿಡತಿರಲಿಲ್ಲಂತ. ಹಿಂದಿನ ಮಂದಿ ಗಡಿಬಿಡಿ ಮಾಡಿದರೂ ಬಿಡತಿರಲಿಲ್ಲಂತ.”

ಸಿಯೋನೆ ಕೂಗಲು ಬಾಯಿ ತೆರೆದ. ನಾನು ಕೈ ಅಡ್ಡ ಮಾಡಿದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ.

“ಇದು ನಾವು ಕೂಗೂ ಹೆಸರಲ್ಲ. ನೀ ಕೂಗು,” ಎಂದೆ ಮಗಳಿಗೆ.

“ನಾ ಹ್ಯಾಂಗ ಕೂಗಲಿ ಅವ್ವಾ?”

“ಹೆಣ್ಮಕ್ಕಳು ಹ್ಯಾಂಗ ಕೂಗತಾರ? ಒಡಪು ಹಾಕು.”

“ನನಗ ಯಾರು ಒಡಪು ಕೇಳತಾರ ಈಗ?”

“ನಾ ಕೇಳಾಕತ್ತೇನಿ.”

ಅವಳು ನನ್ನ ಮುಖ ನೋಡಿದಳು. ಮುದುಕಿ ಕೋಲಿನ ಮೇಲೆ ಕೈ ಊರಿ ಕಾಯುತ್ತಿದ್ದಳು, ಅವಸರವಿಲ್ಲದೆ. ಸವಿತಾ ಎದ್ದು ನಿಂತಳು. ತಂತಿಯ ಮೇಲೆ ಬೆರಳು ಇಟ್ಟಳು. ದನಿ ಮೊದಲು ಒಡೆಯಿತು, ಇನ್ನೊಮ್ಮೆ ಹಿಡಿದಳು.

“ಗುಡ್ಡದ ಊರಾಗ ಹತ್ತೂ ಕಡಿ ತಿರುವ,
ಎಲ್ಲಾರೂ ಕುಂತ ಮ್ಯಾಲ ಬಸ್ಸ ಬಿಡಾವರು ನಮ್ಮ ಮಹಾದೇವ.”

ಆ ಮಂದಿಗೆ ಒಂದು ಶಬ್ದ ತಿಳಿಯಲಿಲ್ಲ, ಕೊನೆಯ ಹೆಸರೊಂದು ಬಿಟ್ಟು. ಸಿಯೋನೆ ಕೂಗಲಿಲ್ಲ. ಸೊಂಟದ ಚಾಪೆಯನ್ನು ಸರಿಮಾಡಿಕೊಂಡು, ಮೆಲ್ಲಗೆ ಆ ಹೆಸರನ್ನೇ ಹೇಳಿದ. ಮುದುಕಿಯೂ ಹೇಳಿದಳು. ಅವಳ ಬಾಯಲ್ಲಿ ಅದು ಸ್ವಲ್ಪ ವಾರೆಯಾಗಿತ್ತು. ಆಮೇಲೆ ಸವಿತಾ ಬಾರಿಸಿದಳು. ಯಾವ ಹಾಡೋ ನನಗೆ ತಿಳಿಯದು. ಸಿಯೋನೆ ಜೊತೆ ಸೇರಿದ. ಒಂದಾದ ಮೇಲೆ ಒಂದು, ಮಧ್ಯಾಹ್ನದ ತನಕ ಹಾಡಿದರು.

ಮರದ ಕೆಳಗಿನ ಊಟ

ದಾರಿಗೆ ಇರಲಿ ಎಂದು ಚೀಲಕ್ಕೆ ಹಾಕಿಕೊಂಡಿದ್ದ ಕಟಕ ರೊಟ್ಟಿ, ಹಿಂಡಿಯನ್ನು ಹುಲ್ಲಿನ ಮೇಲೆ ಕೂತು ತಿಂದೆವು. ಸಿಯೋನೆ ರೊಟ್ಟಿ ಮುರಿದಾಗಲೆಲ್ಲ ಅದರ ಸಪ್ಪಳಕ್ಕೆ ನಗುತ್ತಿದ್ದ. ಅವನು ಕೈ ತೊಳೆಯಲು ಹೋದಾಗ ಸವಿತಾ ಕೇಳಿದಳು.

“ತಮ್ಮ ನನ್ನ ಕರ್ಕೊಂಡ ಬಾ ಅಂತ ಹೇಳಿ ಕಳಿಸ್ಯಾನಲ್ಲ ನಿನ್ನ?”

“ನಿನಗ ಯಾರು ಹೇಳಿದರು?”

“ನೀ ಬಂದಾಗಿಂದ ಕೇಳಾಕ ಬಾಯಿ ತಗೀತಿ, ಮುಚ್ಚತಿ. ಹೇಳಬೇಕೇನು?”

“ಹೂಂ. ಕರ್ಕೊಂಡ ಹೋಗಾಕ ಬಂದಿದ್ದೆ.”

“ಬರಲೇನು?”

ಮಕ್ಕಳೇ, ಅವಳು ನಿಜವಾಗಿಯೇ ಕೇಳಿದಳು. ನಾನು ಹೂಂ ಎಂದಿದ್ದರೆ ಬರುತ್ತಿದ್ದಳು. ನಾನು ನಮ್ಮ ಓಣಿಯನ್ನು ನೆನೆದೆ. ಎಲ್ಲರೂ ಒಳ್ಳೆಯವರು. ಅವಳು ಬಂದರೆ ಮನೆಗೆ ಬಂದು ಕೂಡುತ್ತಾರೆ, ಕೈ ಹಿಡಿದು ಅಳುತ್ತಾರೆ, ರೊಟ್ಟಿ ಕಳಿಸುತ್ತಾರೆ. ಅವಳಿಗೆ ನೋವಾಗಬಾರದೆಂದು ಮಹಾದೇವನ ಹೆಸರನ್ನು ಎಂದೂ ಎತ್ತುವುದಿಲ್ಲ. ನನಗೆ ಹಾಗೆಯೇ ಮಾಡಿದರು, ಪ್ರೀತಿಯಿಂದಲೇ ಮಾಡಿದರು. ಆ ಊರಿನಲ್ಲಾದರೆ ದಿನವೂ ಅವಳು ಹತ್ತುವ ಬಸ್ಸಿನಲ್ಲಿ ಅವನನ್ನು ಬಲ್ಲವರು ಒಬ್ಬರಾದರೂ ಇರುತ್ತಾರೆ.

“ಮನಸು ಆದಾಗ ಬಾ,” ಎಂದೆ. “ಮಕ್ಕಳನ್ನ ನೋಡಿ ಹೋಗಾಕ ಬಾ.”

ಅವಳು ನನ್ನ ತೊಡೆಯ ಮೇಲೆ ತಲೆ ಇಟ್ಟು ಆಗ ಅತ್ತಳು. ಬಹಳ ಹೊತ್ತು ಅತ್ತಳು. ನಾನು ಕೂದಲಲ್ಲಿ ಕೈಯಾಡಿಸುತ್ತ ಕೂತೆ. ಬಾತುಕೋಳಿಗಳು ಬಂದು ರೊಟ್ಟಿಯ ಚೂರು ತಿಂದು ಹೋದವು.

ಎದ್ದು ಮುಖ ಒರೆಸಿಕೊಂಡು ಅವಳು ಹೇಳಿದಳು: “ನನಗ ಒಡಪು ಹಾಕಿಸಿದಿ. ಈಗ ನೀ ಹಾಕು. ಅಪ್ಪನ ಹೆಸರು ಹೇಳು.”

ನಾನು ಬಾಯಿ ತೆರೆದೆ. ಒಡಪು ನಾಲಿಗೆಯ ತುದಿಯ ತನಕ ಬಂತು. ಹೆಸರು ಬರಲಿಲ್ಲ. ಹನ್ನೊಂದು ವರ್ಷ ಹೇಳದ ಬಾಯಿ. ಸವಿತಾ ಒತ್ತಾಯ ಮಾಡಲಿಲ್ಲ. “ಇರಲಿ ಬಿಡವ್ವಾ,” ಎಂದು ಬುತ್ತಿ ಕಟ್ಟಿದಳು.

ಅದಾಗಿ ಎರಡು ತಿಂಗಳಾಯಿತು. ಇವತ್ತು ಮನೆಯೊಳಗೆ ನನ್ನ ಹೊರತು ಯಾರೂ ಇಲ್ಲ. ನಿಮ್ಮ ಅಪ್ಪನ ಮಗ್ಗದ ಸಪ್ಪಳ ಹಿತ್ತಲಿನಿಂದ ಕೇಳುತ್ತಿದೆ. ನಿಮ್ಮ ಮುತ್ಯಾನ ಹೆಸರನ್ನು ನೀವು ಮನೆಯ ಉತಾರೆಯ ಕಾಗದದಲ್ಲಿ, ಗೋಡೆಯ ಫೋಟೊದ ಕೆಳಗೆ ಓದಿದ್ದೀರಿ. ನನ್ನಿಂದ ಎಂದೂ ಕೇಳಿಲ್ಲ. ಈಗಲೂ ಬಾಯಿಂದ ಬರುತ್ತದೆಂಬ ಭರವಸೆ ಇಲ್ಲ. ಬರೆದು ಕೊಡುತ್ತೇನೆ.

ಹಾಸ ಹೊಕ್ಕ ಕೂಡಿದರ ಸೀರಿಗಿ ಒಪ್ಪ,
ಎಳಿ ಕಡದರೂ ಸಿಟ್ಟಾಗದ ಗಂಟ ಹಾಕಾವರು ನಮ್ಮ ಈರಪ್ಪ.

ಈ ಹಾಳೆಗಳನ್ನು ಎಸೆಯಬೇಡಿ, ನನ್ನ ಮಕ್ಕಳೇ. ನೀರು ತಾಗದ ಕಡೆ ಇಡಿ. ಅವರ ಹೆಸರು ನನ್ನ ಕೈಯಿಂದ ಇದೊಂದೇ ಕಡೆ ಇದೆ.